ಕ್ರೇಗಿಬರ್ನಿನಲ್ಲಿ ಯಾರ್ಕ್‌ಟೌನ್

“ಅಕ್ಕ, ನೀನೊಂದ್ಸಲ ಬಂದು ಬುದ್ಧಿ ಹೇಳೇ” ಎಂದು ತಂಗಿ ಮೆಲ್ಬರ್ನಿನಿಂದ ಫೋನ್ ಮಾಡಿದಾಗ ನಾನು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ, ಮಗನ ಮನೆಯ ಅಡುಗೆಮನೆಯಲ್ಲಿ ಹುಳಿಗೆ ಬೇಳೆ ಇಟ್ಟಿದ್ದೆ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ದನಿ ಒಣಗಿಹೋಗಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎದ್ದುಬಿಟ್ಟಾರು ಎನ್ನುವ ಹಾಗೆ ಪಿಸುಗುಟ್ಟುತ್ತಿದ್ದಳು. ನಾನು ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತೆ.

ತಂಗಿ ನನಗಿಂತ ತುಂಬಾ ಚಿಕ್ಕವಳು, ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು, ಅವಳ ಗಂಡ, ಒಬ್ಬಳೇ ಮಗಳು, ಮೂವರೂ ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನಿನಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರೂ ಐಟಿ. ಮಗಳು ಇಯರ್ ಟ್ವೆಲ್ವ್, ಅಂದರೆ ನಮ್ಮ ಎರಡನೇ ಪಿಯುಸಿ. ಆ ಹುಡುಗಿ ಒಂದು ದಿನ ಮಧ್ಯಾಹ್ನವೇ ಶಾಲೆಯಿಂದ ಬಂದು ಕೋಣೆಯ ಬಾಗಿಲು ಹಾಕಿಕೊಂಡವಳು, ಮತ್ತೆ ಶಾಲೆಗೆ ಹೋಗಿಲ್ಲ. ಅಪ್ಪ ಅಮ್ಮ ಮನೆಯಲ್ಲಿದ್ದರೆ ಹೊರಗೆ ಬರುವುದೂ ಇಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ಎದ್ದು ಬ್ರೆಡ್ಡೋ ಬಿಸ್ಕತ್ತೋ ತೆಗೆದುಕೊಂಡು ಮತ್ತೆ ಒಳಗೆ. ಇದು ಶುರುವಾಗಿ ವಾರಗಳೇ ಆಗಿದ್ದವು. ನನಗೆ ತಿಳಿದದ್ದು ಆವತ್ತು.

“ಡಾಕ್ಟ್ರಿಗೆ ತೋರ್ಸಿದ್ರೇನೇ?” ಎಂದೆ.

“ಡಾಕ್ಟ್ರು ಯಾಕಕ್ಕ? ಜ್ವರ ಗಿರ ಏನಿಲ್ಲ. ಹಟ, ಅಷ್ಟೆ. ಎಲ್ರೂ ಹೇಳಾಯ್ತು. ನೀನು ಹೇಳಿದ್ರೆ ಕೇಳ್ತಾಳೆ.”

ಎಲ್ಲರೂ ಎಂದರೆ ಎಲ್ಲರೂ. ನಮ್ಮವರಲ್ಲಿ ಮಕ್ಕಳು ದಾರಿ ತಪ್ಪಿದರು ಅನ್ನಿಸಿದರೆ ಮಾಡುವ ಮೊದಲ ಚಿಕಿತ್ಸೆಯೇ ಇದು, ಹಿರಿಯರನ್ನು ಕರೆಸಿ ಬುದ್ಧಿ ಹೇಳಿಸುವುದು. ನಮ್ಮ ಮನೆಯ ಮಾತನ್ನು ಮಗು ಕೇಳದಿದ್ದರೆ ಪಕ್ಕದ ಮನೆಯವರ ಮಾತನ್ನು ಕೇಳುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ದೇವರೇ ಬಲ್ಲ. ಸಮುದ್ರ ದಾಟಿದರೂ ಬಿಡಲಿಲ್ಲ. ಊರಿನ ಇನ್ನೊಂದು ತುದಿಯ ವೆರಿಬೀಯಿಂದ ಒಬ್ಬ ಅಂಕಲ್ ಬಂದು, ತಮ್ಮ ಮಗ ಮೆಡಿಸಿನ್ ಸೀಟು ಹೇಗೆ ಪಡೆದ ಎಂದು ಬಾಗಿಲಿಗೆ ವಿವರಿಸಿದರಂತೆ. ಒಬ್ಬ ಆಂಟಿ ಚಕ್ಕುಲಿ ಡಬ್ಬ ಹಿಡಿದು ಬಂದು, “ನಿಮ್ಮಪ್ಪ ಅಮ್ಮ ನಿನಗೋಸ್ಕರ ಎಷ್ಟು ಕಷ್ಟ ಪಟ್ಟಿದ್ದಾರೆ ಗೊತ್ತೇನಮ್ಮ” ಎಂದು ಕಣ್ಣೀರು ಹಾಕಿದರಂತೆ. ಮೈಸೂರಿನಿಂದ ಸೋದರಮಾವ ಸ್ಪೀಕರ್ ಫೋನಿನಲ್ಲಿ ಮಾತಾಡಿದನಂತೆ, ಫೋನನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದಿದ್ದರಂತೆ. ಯಾರಿಗೂ ಬಾಗಿಲು ತೆರೆದಿಲ್ಲ. ಕೊನೆಗೆ ಉಳಿದವಳು ನಾನು. ಮೂವತ್ತು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಮನೆತನದಲ್ಲೆಲ್ಲ ಹೆಸರು ತೆಗೆದುಕೊಂಡವಳು.

ಆದರೆ ಅವರಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಮುಚ್ಚಿದ ಬಾಗಿಲು ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಹಾಸ್ಟೆಲಿನ ವಾರ್ಡನ್ ಆಗಿದ್ದಾಗ ಒಮ್ಮೆ ಕಾವಲುಗಾರನಿಂದ ಒಂದು ಬಾಗಿಲು ಒಡೆಸಬೇಕಾಯಿತು. ಆ ಹುಡುಗಿ ಬದುಕಿಕೊಂಡಳು. ಆದರೆ ಬಾಗಿಲು ತಟ್ಟಿದ ಮೇಲೆ ಒಳಗಿನಿಂದ ಸದ್ದು ಬಾರದೆ ಇದ್ದ ಆ ಸ್ವಲ್ಪ ಹೊತ್ತು ನನ್ನೊಳಗೆ ಹಾಗೇ ಕೂತಿದೆ. ಅಂದಿನಿಂದ ಮಗ ಬಚ್ಚಲುಮನೆಯಲ್ಲಿ ತಡ ಮಾಡಿದರೂ ನಾನು ಹೊರಗಿನಿಂದ ಏನಾದರೊಂದು ನೆಪ ಹೇಳಿ ಕೂಗುತ್ತೇನೆ. ಮಗ ನಗುತ್ತಾನೆ. ನಗಲಿ.

ಮರುದಿನವೇ ಟಿಕೆಟ್ ಬುಕ್ ಮಾಡಿಸಿ ಹೊರಟೆ.

ಏರ್‌ಪೋರ್ಟಿಗೆ ತಂಗಿಯ ಗಂಡ ಬಂದಿದ್ದರು. ದಾರಿಯುದ್ದಕ್ಕೂ ಮಾಡಿದ್ದನ್ನೆಲ್ಲ ಒಪ್ಪಿಸಿದರು. ಫೋನ್ ಕಿತ್ತುಕೊಂಡದ್ದು, ಅದು ಸಾಲದೆಂದು ವೈಫೈ ನಿಲ್ಲಿಸಿದ್ದು, ಗೆಳತಿಯರು ಬಂದರೆ ಬಾಗಿಲಲ್ಲೇ ವಾಪಸು ಕಳಿಸಿದ್ದು, ಊಟ ಬೇಕಾದರೆ ಟೇಬಲಿಗೆ ಬಂದು ತಿನ್ನಲಿ ಎಂದು ಹಟ ಹಿಡಿದದ್ದು, ಎರಡು ದಿನಕ್ಕೆ ತಾವೇ ಹೆದರಿ ತಟ್ಟೆಯನ್ನು ಬಾಗಿಲ ಮುಂದೆ ಇಡಲು ಶುರು ಮಾಡಿದ್ದು.

“ಎಲ್ಲಾ ಕಡೆಯಿಂದ ಕಟ್ ಮಾಡಿದೀವಿ ಅಕ್ಕ. ಆದ್ರೂ ಬಗ್ತಾ ಇಲ್ಲ. ಇನ್ನೇನ್ ಮಾಡ್ಬೇಕು ನೀವೇ ಹೇಳಿ.”

ಸ್ಟಿಯರಿಂಗ್ ಮೇಲಿದ್ದ ಅವರ ಕೈಬೆರಳಿನ ಉಗುರುಗಳನ್ನು ನೋಡಿದೆ. ರಕ್ತ ಬರುವಷ್ಟು ಕಚ್ಚಿಕೊಂಡಿದ್ದರು. ಬೈಯಬೇಕೆಂದಿದ್ದವಳು ಸುಮ್ಮನಾದೆ.

ಆ ಮನೆಯೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ನಿಶ್ಶಬ್ದ. ಟಿವಿ ಓಡುತ್ತಿತ್ತು, ದನಿ ಇರಲಿಲ್ಲ. ತಂಗಿ ಕಾಲ ತುದಿಯಲ್ಲಿ ನಡೆದು ಬಂದು ನನ್ನ ಕೈ ಹಿಡಿದಳು, ಆ ಕೈ ತಣ್ಣಗಿತ್ತು. ಅವಳು ಎಷ್ಟು ಇಳಿದುಹೋಗಿದ್ದಳೆಂದರೆ ಬಳೆ ಮೊಣಕೈವರೆಗೂ ಹೋಗುತ್ತಿತ್ತು. ಹಜಾರ ದಾಟಿದರೆ ಮನೆಯೊಳಗೇ ಓಣಿಯಂಥ ಉದ್ದನೆಯ ಹಾದಿ, ಅದರ ಕೊನೆಗೆ ಬಿಳಿ ಬಾಗಿಲು. ಈ ದೇಶದ ಒಳಬಾಗಿಲುಗಳು ನಿಮಗೆ ಗೊತ್ತಿರಬಹುದು, ಪೊಳ್ಳು, ಭುಜ ಕೊಟ್ಟು ಒಮ್ಮೆ ತಳ್ಳಿದರೆ ಮುರಿಯುತ್ತವೆ. ಅಂಥ ಬಾಗಿಲಿಗೆ ಎರಡು ದೊಡ್ಡ ಜೀವಗಳು ಹೆದರಿ ಕೂತಿದ್ದವು. ಬಾಗಿಲ ಮುಂದಿನ ತಟ್ಟೆಯಲ್ಲಿ ಅಕ್ಕಿ ರೊಟ್ಟಿ ಒಣಗಿ ಅಂಚು ಮೇಲೆದ್ದಿತ್ತು.

ತಟ್ಟಿದೆ. ಸದ್ದಿಲ್ಲ. ಮತ್ತೆ ತಟ್ಟಿದೆ. ಕಿವಿಯನ್ನು ಬಾಗಿಲಿಗೆ ಒತ್ತಿದೆ.

“ಬುದ್ಧಿ ಹೇಳೋಕೆ ಬಂದ್ರಾ ದೊಡ್ಡಮ್ಮ?” ಒಳಗಿನಿಂದ ದನಿ ಬಂತು.

ಗೋಡೆ ಹಿಡಿದು ಕಾರ್ಪೆಟ್ಟಿನ ಮೇಲೆ ಕೂತೆ. “ಇಲ್ಲಮ್ಮ. ಕೂತ್ಕೊಳ್ಳೋಕೆ ಬಂದೆ. ಮಂಡಿನೋವು” ಎಂದೆ.

ಆವತ್ತು ಅಷ್ಟೇ ಮಾತು. ಮರುದಿನ ಗಂಡ ಹೆಂಡತಿಯನ್ನು ಕೆಲಸಕ್ಕೆ ಅಟ್ಟಿ, ಬೆಳಗ್ಗೆಯಿಂದ ಓಣಿಯಲ್ಲೇ ಕೂತೆ. ಒಳಗಿನ ಪ್ರತಿಯೊಂದು ಸದ್ದಿಗೂ ಕಿವಿ ಕೊಡುತ್ತಿದ್ದೆ. ಮಂಚ ಕಿರುಗುಟ್ಟಿದರೆ ಸಮಾಧಾನ, ಕಿರುಗುಟ್ಟದಿದ್ದರೆ ದಿಗಿಲು. ಸುಮ್ಮನಿದ್ದರೆ ಭಯ ನನ್ನನ್ನೇ ತಿಂದುಹಾಕುತ್ತದೆ ಎನ್ನಿಸಿ ಕೇಳಿದೆ, “ಆವತ್ತು ಶಾಲೆಯಲ್ಲಿ ಏನಾಯ್ತೇ?”

ಉತ್ತರ ಬಂತು. ಅವಳು ಮಾತಾಡಿದ್ದರಲ್ಲಿ ಮುಕ್ಕಾಲು ಪಾಲು ಇಂಗ್ಲಿಷು, ನಡುನಡುವೆ ಕನ್ನಡ. ನನಗೆ ನೆನಪಿರುವುದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

“ಹಿಸ್ಟರಿ ಟೆಸ್ಟ್ ಇತ್ತು. ಅಮೆರಿಕನ್ ರೆವಲ್ಯೂಷನ್. ಯಾರ್ಕ್‌ಟೌನ್ ಬಗ್ಗೆ ಬರೀಬೇಕಿತ್ತು. ನನಗೆ ಎಲ್ಲಾ ಗೊತ್ತಿತ್ತು ದೊಡ್ಡಮ್ಮ. ಪೆನ್ ಹಿಡ್ಕೊಂಡು ಕೂತೆ. ಕೈ ಆಡ್ಲೇ ಇಲ್ಲ. ಉಸಿರಾಡೋಕೂ ಆಗ್ಲಿಲ್ಲ. ಎದ್ದು ಬಂದ್ಬಿಟ್ಟೆ.”

ಹಟ ಎಂದಿದ್ದರಲ್ಲ ಎಂದು ನನಗೆ ಮೈ ಉರಿಯಿತು. ಆದರೆ ಆಗ ಸಿಟ್ಟು ಮಾಡಿ ಏನು ಪ್ರಯೋಜನ. “ನಾನು ಆ ಪಾಠಾನ ಅರ್ಧ ಪುಟದಲ್ಲಿ ಮುಗಿಸ್ತಿದ್ದೆ ಕಣೆ” ಎಂದೆ. “ಹೇಳ್ತೀನಿ, ತಪ್ಪಿದ್ರೆ ತಿದ್ದು. ವಸಾಹತಿನ ಜನ ತಿರುಗಿಬಿದ್ದಿದ್ರು. ಇಂಗ್ಲಿಷರ ಸೇನಾಪತಿ ತನ್ನ ಸೈನ್ಯ ತಗೊಂಡು ಹೋಗಿ ನದೀ ದಡದ ಒಂದು ಪುಟ್ಟ ಊರಲ್ಲಿ ಕೂತ. ಅದು ಯಾರ್ಕ್‌ಟೌನ್. ಇವರು ಸುತ್ತುವರಿದ್ರು. ಅವನು ಶರಣಾದ. ಯುದ್ಧ ಮುಗೀತು.”

“ಯಾಕೆ ಅಲ್ಲಿ ಹೋಗಿ ಕೂತ ಅಂತ ಹೇಳ್ಲಿಲ್ಲ.”

“ನೀನೇ ಹೇಳು.”

“ಹಡಗು ಬರುತ್ತೆ ಅಂತ. ಬೆನ್ನ ಹಿಂದೆ ನೀರಿದ್ರೆ ಸೇಫ್ ಅಂದ್ಕೊಂಡ. ಯಾವಾಗ್ಲೂ ಅವರ ನೇವಿನೇ ಗೆಲ್ತಿದ್ದಿದ್ದು ಅಲ್ವಾ. ಆದ್ರೆ ಈ ಸಲ ಫ್ರೆಂಚ್ ಹಡಗುಗಳು ಮೊದಲೇ ಬಂದು ಕೊಲ್ಲಿಯ ಬಾಯಿ ಮುಚ್ಚಿದ್ವು. ಇಂಗ್ಲಿಷ್ ಹಡಗುಗಳು ಬಂದು, ಜಗಳ ಆಡಿ, ವಾಪಸ್ ಹೋದ್ವು. ಆಮೇಲೆ ಅವನ ಬೆನ್ನ ಹಿಂದೆ ಇದ್ದ ನೀರೇ ಗೋಡೆ ಆಯ್ತು.”

ನಾನು ಬಾಗಿಲಿಗೆ ಕಿವಿಗೊಟ್ಟು ಕೇಳುತ್ತಿದ್ದೆ. ಪಾಠಕ್ಕಾಗಿ ಅಲ್ಲ. ದನಿ ಹತ್ತಿರ ಬರುತ್ತಿತ್ತು. ಮಂಚದಿಂದ ಎದ್ದಿದ್ದಳು. ಸ್ವಲ್ಪ ಹೊತ್ತಿಗೆ ಬಾಗಿಲು ಮೆಲ್ಲಗೆ ಅದುರಿತು, ಆಚೆ ಕಡೆ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ನಾನು ಈಚೆ ಕಡೆ ಹಾಗೇ ಬೆನ್ನು ತಿರುಗಿಸಿ ಕೂತೆ.

ಅವಳು ಹೇಳುತ್ತ ಹೋದಳು. ಮುತ್ತಿಗೆ ಹಾಕಿದವರು ಕೋಟೆಗೆ ಸಮಾನಾಂತರವಾಗಿ ಒಂದು ಕಂದಕ ತೋಡಿದ್ದು, ಅದರಲ್ಲಿ ಫಿರಂಗಿ ತಂದಿಟ್ಟು ಹಗಲೂ ಇರುಳೂ ಹೊಡೆದದ್ದು, ಆಮೇಲೆ ಇನ್ನೂ ಹತ್ತಿರ ಇನ್ನೊಂದು ಕಂದಕ. ಓಡಿಹೋಗಿ ಬಡಿದು ಗೆದ್ದದ್ದಲ್ಲ ಅದು, ಸಲಿಕೆಯಿಂದ ಗೆದ್ದದ್ದು. ಒಳಗಿದ್ದವರಿಗೆ ದಿನಾ ಬೆಳಗಾದರೆ ಶತ್ರು ಇನ್ನಷ್ಟು ಹತ್ತಿರ. ಮೇವಿಲ್ಲದೆ ತಮ್ಮ ಕುದುರೆಗಳನ್ನು ತಾವೇ ಕೊಂದು ನದಿಗೆ ತಳ್ಳಿದರಂತೆ, ನೀರಿನ ಉಬ್ಬರದಲ್ಲಿ ಆ ಹೆಣಗಳು ತೇಲಿಕೊಂಡು ವಾಪಸು ದಡಕ್ಕೇ ಬಂದವಂತೆ. ನಿಮಗೆ ಸ್ವಾತಂತ್ರ್ಯ ಕೊಡುತ್ತೇವೆ ಎಂಬ ಮಾತು ನಂಬಿ, ಯಜಮಾನರನ್ನು ಬಿಟ್ಟು ಓಡಿಬಂದು ಇಂಗ್ಲಿಷರ ಆಸರೆ ಪಡೆದಿದ್ದ ಕಪ್ಪು ಜನರಿದ್ದರು. ಸಿಡುಬು ಹತ್ತಿತು, ಊಟ ಸಾಲದಾಯಿತು. ಅವರನ್ನು ಕೋಟೆಯಿಂದ ಹೊರಕ್ಕೆ ಅಟ್ಟಿದರು. ಎರಡು ಸೈನ್ಯಗಳ ನಡುವಿನ ಕಾಡಿನಲ್ಲಿ ಅವರು ಬಿದ್ದು ಸತ್ತರು.

“ನನ್ನ ಬುಕ್‌ನಲ್ಲಿ ಅವರ ಬಗ್ಗೆ ಒಂದೇ ಒಂದ್ ಸೆಂಟೆನ್ಸ್ ಇದೆ” ಎಂದಳು. ಆಮೇಲೆ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆ ಮೌನ ನನಗೆ ಹಿಡಿಸಲಿಲ್ಲ. ಅದರಲ್ಲಿ ಅವಳು ಎಲ್ಲಿಗೋ ಜಾರಿಹೋಗುತ್ತಿದ್ದಾಳೆ ಅನ್ನಿಸಿ, ಏನಾದರೂ ಹೇಳಿ ಅವಳನ್ನು ಇತ್ತ ಎಳೆಯಬೇಕೆಂದು ಬಾಯಿ ಹಾಕಿದೆ.

“ಅಲ್ಲಿ ಸೋತ ಸೇನಾಪತಿ ಆಮೇಲೆ ಎಲ್ಲಿಗೆ ಬಂದ ಗೊತ್ತಾ?”

“ಎಲ್ಲಿಗೆ?”

“ನಮ್ಮೂರಿಗೆ.”

ಬಾಗಿಲು ಮತ್ತೊಮ್ಮೆ ಅದುರಿತು. ತಿರುಗಿ ಕೂತಿರಬೇಕು.

ನಾನೂ ತಂಗಿಯೂ ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿನ ಮಕ್ಕಳಿಗೆ ಕೋಟೆಗೋಡೆಯೆಂದರೆ ಬಟ್ಟೆ ಒಣಹಾಕುವ, ಆಡು ಮೇಯುವ ಜಾಗ. ಆ ಗೋಡೆಯ ಹೊರಗೆ ಬಂದು ನಿಂತವನು ಅವನೇ ಎಂದು ಅವಳಿಗೆ ಹೇಳಿದೆ. ಅಮೆರಿಕದಲ್ಲಿ ಸೋತವನಿಗೆ ಶಿಕ್ಷೆ ಆಗಲಿಲ್ಲ. ಇಂಡಿಯಾದ ಗವರ್ನರ್ ಜನರಲ್ ಮಾಡಿ ಕಳಿಸಿದರು. ಯಾರ್ಕ್‌ಟೌನಿನಲ್ಲಿ ಒಳಗೆ ಕೂತು ಕಲಿತದ್ದನ್ನು ಅವನು ನಮ್ಮಲ್ಲಿ ಹೊರಗೆ ನಿಂತು ಮಾಡಿ ತೋರಿಸಿದ. ಸುಲ್ತಾನ ಅರ್ಧ ರಾಜ್ಯ ಬಿಟ್ಟುಕೊಟ್ಟ. ಅಷ್ಟಕ್ಕೆ ಬಿಡಲಿಲ್ಲ, ಕೊಟ್ಟ ಮಾತಿಗೆ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡು ಎಂದರು. ಕೊಟ್ಟ. ಇನ್ನೂ ಆಡುವ ವಯಸ್ಸಿನ ಹುಡುಗರು, ಆನೆಯ ಮೇಲೆ ಕೂತು ಶತ್ರುವಿನ ಡೇರೆಗೆ ಹೋದರು.

“ಯುದ್ಧ ನಿಲ್ಸೋಕೆ ಮಕ್ಕಳನ್ನ ಕೊಟ್ನಾ?”

“ಕೊಟ್ಟ.”

“ಮಕ್ಕಳನ್ನ ಕೇಳಿದ್ರಾ?”

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಒಬ್ಬಳೂ ಕೇಳಿರಲಿಲ್ಲ. “ಕೇಳಿರಲಾರರು” ಎಂದೆ. ಮಾತು ಬೇರೆ ಕಡೆ ತಿರುಗಿಸಲು, ನಾನಿರುವ ಸಿಡ್ನಿಯೂ ಆ ಸೋಲಿನ ಮಗುವೇ ಎಂದು ಹೇಳಿದೆ. ಅಮೆರಿಕ ಕೈತಪ್ಪಿದ ಮೇಲೆ ಕೈದಿಗಳನ್ನು ಕಳಿಸಲು ಜಾಗವಿಲ್ಲದೆ ಇಂಗ್ಲಿಷರು ಹಡಗು ತುಂಬಿ ಇಲ್ಲಿಗೆ ತಂದು ಇಳಿಸಿದರು. ಇಲ್ಲಿ ಮೊದಲೇ ಇದ್ದವರನ್ನು ಆಗಲೂ ಯಾರೂ ಕೇಳಲಿಲ್ಲ. ಆ ಒಂದು ಮುತ್ತಿಗೆ ಬೇರೆ ಥರ ಮುಗಿದಿದ್ದರೆ ನಮ್ಮ ಕೋಟೆಯ ಕಥೆಯೂ ಬೇರೆಯಾಗುತ್ತಿತ್ತೇನೋ, ನಾನು ಬ್ಲ್ಯಾಕ್‌ಟೌನಿನಲ್ಲಿ ಹುಳಿ ಮಾಡುತ್ತಿರಲಿಲ್ಲವೇನೋ.

ಒಳಗೆ ಸಣ್ಣಗೆ ನಕ್ಕ ಹಾಗಾಯಿತು. ಆ ನಗುವಿನಿಂದ ನನಗೆ ಧೈರ್ಯ ಬಂತು. ಮೇಷ್ಟ್ರಗಿರಿ ಎಲ್ಲಿ ಹೋಗುತ್ತದೆ? ನೀತಿ ಹೇಳಲು ಹೊರಟೆ. “ನೋಡು ಪುಟ್ಟೀ, ಆ ಯಾರ್ಕ್‌ಟೌನಿನ ಒಳಗೆ ಕೂತವರ ಥರ ಆಗಿದೀಯ ನೀನು. ಸುತ್ತ ಎಲ್ಲಾ ಕಟ್ ಮಾಡಿದಾರೆ. ಹಿಂದೆ ನೀರು. ಎಷ್ಟು ದಿನ ಅಂತ—”

“ತಪ್ಪು ದೊಡ್ಡಮ್ಮ.”

“ಏನು ತಪ್ಪು?”

“ಒಳಗಿರೋದು ನಾನಲ್ಲ. ಅಪ್ಪ ಅಮ್ಮ.”

ನನಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ, ದಡ್ಡ ವಿದ್ಯಾರ್ಥಿಗೆ ಹೇಳುವ ಹಾಗೆ ಹೇಳಿದಳು. “ಬೇರೆ ದೇಶಕ್ಕೆ ಬಂದು, ಒಂದ್ ಮೂಲೇಲಿ ಮನೆ ಕಟ್ಟಿಕೊಂಡು ಕೂತಿರೋದು ಯಾರು? ಮನೆ ಸಾಲ, ಮಾರ್ಟ್‌ಗೇಜ್ ಅಂತ, ಕೆಲಸ ಹೋದ್ರೆ ಅಂತ, ಜನ ಏನಂತಾರೆ ಅಂತ ದಿನಾ ಹೆದರೋದು ಯಾರು? ನಾನು ಡಾಕ್ಟರ್ ಆದ್ರೆ ಮಾತ್ರ ಬಂದಿದ್ದಕ್ಕೆ ಸಾರ್ಥಕ ಅಂತೆ. ಇಲ್ಲಾಂದ್ರೆ ಬಂದಿದ್ದೇ ತಪ್ಪು ಅನ್ನೋ ಹಾಗೆ. ಫೋನ್ ಮಾಡಿ ಮಾಡಿ ಕರೀತಿರೋದೂ ಅವರೇ. ವೆರಿಬೀ ಅಂಕಲ್, ಆ ಆಂಟಿ, ಮೈಸೂರು ಮಾಮ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ಇದಾರೆ.” ಆಮೇಲೆ ಹೇಳಿದಳು, “ಹಡಗು ನೀವು, ದೊಡ್ಡಮ್ಮ.”

“ಆ ಹಡಗುಗಳು ಏನಾದ್ವು?” ಎಂದು ಕೇಳಿದೆ. ನನಗೆ ನಿಜವಾಗಿಯೂ ಮರೆತಿತ್ತು.

“ರಿಪೇರಿ ಮಾಡ್ಕೊಂಡು, ಮೀಟಿಂಗ್ ಮಾಡ್ಕೊಂಡು, ನ್ಯೂಯಾರ್ಕಿಂದ ಹೊರಟ್ವು. ಇವನು ಶರಣಾದ ದಿನಾನೇ ಹೊರಟಿದ್ದು. ತಲುಪಿದಾಗ ಎಲ್ಲಾ ಮುಗಿದಿತ್ತು.”

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಆ ಕೋಟೆಯ ಊರಿನಲ್ಲೇ ಕೇಳಿ ಬೆಳೆದವಳು ನಾನು. ನನಗೆ ಆಗ ಹಿಡಿದ ಭಯ ಹೇಳತೀರದು. ಎಲ್ಲಾ ಮುಗಿದಿತ್ತು ಎಂದಳಲ್ಲ, ಏನು ಮುಗಿದಿತ್ತು? ಯಾರದು ಮುಗಿದಿತ್ತು? ಹಾಸ್ಟೆಲಿನ ಹುಡುಗಿಯನ್ನು ನಾನು ಮೊದಲೇ ಕೇಳದೆ ಇದ್ದ ಪ್ರಶ್ನೆ, ಈ ಮನೆಗೆ ಬಂದುಹೋದ ಯಾವ ಅಂಕಲ್ಲೂ ಆಂಟಿಯೂ ಕೇಳದ ಪ್ರಶ್ನೆ. ಕೇಳಿದರೆ ಎಲ್ಲಿ ಅದನ್ನು ಅವಳ ತಲೆಯಲ್ಲಿ ನಾನೇ ಹಾಕಿದಂತಾಗುತ್ತದೋ ಎಂಬ ಅಂಜಿಕೆ. ಆದರೂ ಕೇಳಿಯೇಬಿಟ್ಟೆ.

“ಪುಟ್ಟೀ, ನಿಂಗೆ ಸಾಯ್ಬೇಕು ಅನ್ಸುತ್ತಾ?”

ಬೀದಿಯಲ್ಲಿ ಯಾರದೋ ಮನೆಯ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು. ಅದು ನಿಂತಿತು. ಮತ್ತೆ ಶುರುವಾಯಿತು.

“ಒಂದೊಂದ್ ಸಲ” ಎಂದಳು.

ದೇವರೇ. ಅತ್ತುಬಿಟ್ಟರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ತೆಗೆದು ಕೇಳಿದೆ, “ಈಗ?”

“ಈಗ ಇಲ್ಲ. ಈಗ ಹಸಿವಾಗ್ತಿದೆ.”

“ಬಿಸಿ ಅಕ್ಕಿ ರೊಟ್ಟಿ ಮಾಡ್ಲಾ?”

“ಬೇಡ. ದಿನಾ ಅದನ್ನೇ ಇಟ್ಟು ಇಟ್ಟು ಸಾಕಾಗಿದೆ. ಟೋಸ್ಟ್.”

ಟೋಸ್ಟ್ ಮಾಡಲು ಅಡುಗೆಮನೆಗೆ ಹೋದವಳು ಬ್ರೆಡ್ ಹಿಡಿದುಕೊಂಡು ಹಾಗೇ ನಿಂತೆ. ಅಷ್ಟು ಹೊತ್ತು ಅವಳನ್ನು ಒಂಟಿಯಾಗಿ ಬಿಟ್ಟದ್ದು ಹೊಳೆದು, ಬ್ರೆಡ್ಡನ್ನು ಸುಡದೆಯೇ ಬೆಣ್ಣೆ ಸವರಿ ಓಡಿದೆ. ತಟ್ಟೆ ಇಡುವಷ್ಟು ಬಾಗಿಲು ತೆರೆಯಿತು. ಕೈ ಕಂಡಿತು, ಸಣ್ಣ ಕೈ, ಮಣಿಕಟ್ಟು ಕಡ್ಡಿಯ ಹಾಗೆ. ಆ ಕೈಯನ್ನು ಹಿಡಿದು ಎಳೆದು ಅಪ್ಪಿಕೊಳ್ಳಬೇಕು ಅನ್ನಿಸಿತು. ಹಿಡಿಯಲಿಲ್ಲ. ಬಾಗಿಲು ಮತ್ತೆ ಹಾಕಿಕೊಂಡಿತು, ಆದರೆ ಚಿಲಕದ ಸದ್ದು ಬರಲಿಲ್ಲ.

ತಿನ್ನುತ್ತ ಅವಳೇ ಮಾತು ಮುಂದುವರಿಸಿದಳು. ಕೊನೆಗೆ ಸೇನಾಪತಿ ರಾತ್ರೋರಾತ್ರಿ ದೋಣಿಗಳಲ್ಲಿ ಆಚೆ ದಡಕ್ಕೆ ಪಾರಾಗಲು ನೋಡಿದನಂತೆ, ಬಿರುಗಾಳಿ ಎದ್ದು ದೋಣಿಗಳು ಚದುರಿದವಂತೆ. ಬೆಳಗ್ಗೆ ಕೋಟೆಯ ಮೇಲೆ ಬಿಳಿ ಕರವಸ್ತ್ರ ಆಡಿತು. “ಆದ್ರೆ ನೀವು ಹೇಳಿದ ಹಾಗೆ ಅಲ್ಲಿಗೆ ಯುದ್ಧ ಮುಗೀಲಿಲ್ಲ. ನ್ಯೂಯಾರ್ಕಲ್ಲಿ ಅವರ ಸೈನ್ಯ ಇನ್ನೂ ಇತ್ತು. ಬೇಕಿದ್ರೆ ಇನ್ನೂ ಹೊಡೆದಾಡ್ಬಹುದಿತ್ತು. ಲಂಡನ್ನಲ್ಲಿ ಇರೋರಿಗೆ ಸಾಕಾಯ್ತು, ಅಷ್ಟೆ. ಇನ್ನು ಬೇಡ ಅಂದ್ರು.”

“ಸಾಕು ಅಂತ ಯಾರಾದ್ರೂ ಅನ್ನಬೇಕು” ಎಂದೆ.

“ಹೌದು. ಸೋತೋರಿಗೆ ಮರ್ಯಾದೆ ಕೊಟ್ರೆ ಬೇಗ ಸಾಕು ಅಂತಾರೆ. ಬಾವುಟ ಬಿಚ್ಚಿಕೊಂಡು ಹೊರಗೆ ಬರೋಕೆ ಅವರಿಗೆ ಬಿಡ್ಲಿಲ್ಲ, ಸುತ್ತಿಟ್ಟುಕೊಂಡು ಬನ್ನಿ ಅಂದ್ರು. ಮುಂಚೆ ಇನ್ನೊಂದ್ ಊರಲ್ಲಿ ಗೆದ್ದಾಗ ಇಂಗ್ಲಿಷರೂ ಅಮೆರಿಕದವರಿಗೆ ಹಾಗೇ ಅವಮಾನ ಮಾಡಿದ್ರು, ಅದಕ್ಕೆ.”

ನಾನು ಧೈರ್ಯ ಮಾಡಿ ಕೇಳಿದೆ, “ಡಾಕ್ಟ್ರ ಹತ್ರ ಹೋಗೋಣ್ವಾ? ಈವತ್ತೇ. ನಾನೂ ಬರ್ತೀನಿ.”

ಬೇಡ ಎನ್ನಲಿಲ್ಲ. ಷರತ್ತು ಹಾಕಿದಳು. ಇನ್ನು ಮೇಲೆ ಯಾವ ಅಂಕಲ್ಲೂ ಆಂಟಿಯೂ ಬರಕೂಡದು. ಡಾಕ್ಟರ ಹತ್ತಿರ ಅವಳೊಬ್ಬಳೇ ಮಾತಾಡಬೇಕು. ಶಾಲೆಯ ಮಾತನ್ನು ಅವಳೇ ಎತ್ತುವವರೆಗೆ ಯಾರೂ ಎತ್ತಬಾರದು. ಎಲ್ಲದಕ್ಕೂ ಹೂಂ ಅಂದೆ. ಆಮೇಲೆ ಹೇಳಿದಳು, “ಅಪ್ಪನ ಮುಖ ನೋಡೋಕೆ ಭಯ ಆಗುತ್ತೆ ದೊಡ್ಡಮ್ಮ.”

“ಬೈತಾರೆ ಅಂತಲಾ?”

“ಇಲ್ಲ. ಅತ್ತುಬಿಡ್ತಾರೇನೋ ಅಂತ.”

ಫೋನ್ ಮಾಡಿ ಇಬ್ಬರನ್ನೂ ಕರೆಸಿದೆ. ಹತ್ತಿರದ ಕ್ಲಿನಿಕ್ಕಿಗೆ ಕರೆ ಮಾಡಿ, ಅವಳು ನನ್ನ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಹಾಗೇ ಹೇಳಿದೆ. ಈಗಲೇ ಬನ್ನಿ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ ಎಂದರು. ತಂಗಿ ಬಂದವಳು ಅಡುಗೆಮನೆಯಲ್ಲೇ ಕುಸಿದು ಕೂತಳು. ಅವಳ ಗಂಡ ನಿಂತೇ ಇದ್ದರು.

“ಡಾಕ್ಟ್ರ ಹತ್ರ ಅಂದ್ರೆ... ಎಲ್ಲಾ ಕಡೆ ರೆಕಾರ್ಡ್ ಆಗಲ್ವಾ ಅಕ್ಕ? ಮುಂದೆ ಅವಳಿಗೆ... ಇಷ್ಟೆಲ್ಲಾ ಮಾಡಿ ನಾವು ಸೋತ ಹಾಗೇ ಆಯ್ತಲ್ಲ.”

ನನ್ನ ಮೂಗಿನ ತುದಿಯ ಕೋಪ ಇಷ್ಟು ದಿನಕ್ಕೆ ಕೆಲಸಕ್ಕೆ ಬಂತು. “ಸೋಲೋದೇ ರೀ! ಸೋತುಬಿಡಿ! ಯಾರ ಮೇಲೆ ಗೆಲ್ಲಬೇಕು ಅಂತ ಕೂತಿದೀರಿ? ಮಗು ಸಾಯ್ಬೇಕು ಅನ್ಸುತ್ತೆ ಅಂತ ಬಾಯಿಬಿಟ್ಟು ಹೇಳಿದೆ. ರೆಕಾರ್ಡ್ ಅಂತೆ ರೆಕಾರ್ಡ್!” ಎಂದೆ. ದನಿ ಏರಿತ್ತು, ಓಣಿಯ ಕೊನೆಗೂ ಕೇಳಿಸಿರಬೇಕು.

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. “ನೀವಿಬ್ರೇ ಕರ್ಕೊಂಡ್ ಹೋಗಿ. ನಂಗೆ ಯಾಕೋ ತಲೆ ಸುತ್ತುತ್ತಿದೆ” ಎಂದು ಗರಾಜಿನ ಕಡೆ ನಡೆದರು. ಇದನ್ನು ನಾನು ಎಲ್ಲೋ ಓದಿದ್ದೆ. ಯಾರ್ಕ್‌ಟೌನಿನಲ್ಲಿ ಶರಣಾಗುವ ಹೊತ್ತಿಗೆ ಆ ಸೇನಾಪತಿಯೂ ಮೈ ಸರಿಯಿಲ್ಲ ಎಂದು ಹೇಳಿ, ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದ್ದನಂತೆ. ಪಾಠ ಮಾಡುವಾಗ ನಾನು ಅವನನ್ನು ಹೇಡಿ ಎಂದು ಆಡಿಕೊಂಡು ನಗುತ್ತಿದ್ದೆ. ಗರಾಜಿನ ಬಾಗಿಲಿನತ್ತ ಹೋಗುತ್ತಿದ್ದ ಆ ಬೆನ್ನನ್ನು ನೋಡಿದಾಗ ನಗು ಬರಲಿಲ್ಲ, ಮರುಕ ಬಂತು.

ಹುಡುಗಿ ಹೊರಗೆ ಬಂದಳು. ತಲೆ ಬಾಚಿರಲಿಲ್ಲ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ತಂಗಿ ಏಳಲು ಹೋದಳು, ನಾನು ಅವಳ ಭುಜ ಒತ್ತಿ ಕೂರಿಸಿದೆ. ಹುಡುಗಿ ತಾನೇ ಬಂದು ಅಮ್ಮನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟಳು. ಆಮೇಲೆ ಸುತ್ತ ನೋಡಿದಳು.

“ಅಪ್ಪ ಎಲ್ಲಿ?”

ನಾನು ಗರಾಜಿನ ಕಡೆ ತೋರಿಸಿದೆ. ಅವಳು ಹೋದಳು, ಅವಳ ಹಿಂದೆ ನಾನು. ಅವರು ಕಾರಿನ ಆಚೆ ಬದಿಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದರು. ಕಾಲಸಪ್ಪಳ ಕೇಳಿಯೂ ತಿರುಗಲಿಲ್ಲ. ತಾನು ಕಂಡರೆ ಮಗಳು ಮತ್ತೆ ಒಳಗೆ ಹೋಗಿಬಿಡುತ್ತಾಳೆ ಎಂಬ ಭಯ ಆ ಭುಜಗಳಲ್ಲೇ ಕಾಣುತ್ತಿತ್ತು.

“ಅಪ್ಪ” ಎಂದಳು ಅವಳು. “ದೊಡ್ಡಮ್ಮಂಗೆ ಡ್ರೈವಿಂಗ್ ಬರಲ್ಲ. ಅಮ್ಮನ ಕೈ ನಡುಗ್ತಿದೆ. ನೀನೇ ಕರ್ಕೊಂಡ್ ಹೋಗು.”

ಅವರು ಮುಖ ಒರೆಸಿಕೊಂಡು ತಿರುಗಿದರು. ಕಾರಿನ ಬಾಗಿಲು ತೆಗೆದು ಕೂತರು. ಅವಳು ಮುಂದಿನ ಸೀಟಿನಲ್ಲಿ, ಅವರ ಪಕ್ಕ ಕೂತಳು. ನಾನೂ ತಂಗಿಯೂ ಹಿಂದೆ ಕೂತೆವು. ಗರಾಜಿನ ಷಟರ್ ಮೇಲೇರಿ ಬಿಸಿಲು ಒಳಗೆ ನುಗ್ಗಿತು. ಅವರು ಕೀ ತಿರುಗಿಸಿದರು.

“ಮೆಲ್ಲಗೆ ಹೋಗು ಅಪ್ಪ. ನಂಗೆ ಭಯ ಆಗ್ತಿದೆ.”

“ನಂಗೂ ಆಗ್ತಿದೆ ಮಗಳೇ” ಎಂದು ಅವರು ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದರು.